ಜೆರಾಕ್ಸ್ ಅಕ್ಕ ಮತ್ತು ಮೊದಲ ಚೆಂಡು

ಹೈಸ್ಕೂಲಿನ ಗೇಟಿನ ಎದುರಿಗೇ ಅವಳ ಜೆರಾಕ್ಸ್ ಅಂಗಡಿ. ಮಕ್ಕಳಿಗೂ ಮೇಷ್ಟ್ರುಗಳಿಗೂ ಅವಳು ಜೆರಾಕ್ಸ್ ಅಕ್ಕ. ನಡೆಯಲು ಕಲಿಯುವ ಮೊದಲೇ ಬಂದ ಜ್ವರವೊಂದು ಎರಡೂ ಕಾಲುಗಳ ಶಕ್ತಿ ತೆಗೆದುಕೊಂಡು ಹೋಗಿತ್ತು. ಊರುಗೋಲುಗಳನ್ನು ಮೆಷಿನ್ನಿಗೆ ಒರಗಿಸಿ, ಎತ್ತರದ ಸ್ಟೂಲಿನ ಮೇಲೆ ಕೂತು ದಿನವಿಡೀ ಪ್ರತಿ ತೆಗೆಯುತ್ತಿದ್ದಳು. ಅಂಗಡಿಯ ಹಿಂದಿನ ಕೋಣೆಗಳಲ್ಲೇ ತಮ್ಮನ ಸಂಸಾರದ ಜೊತೆ ವಾಸ.

ವರ್ಷಕ್ಕೊಂದು ದಿನ ಮಾತ್ರ ಅವಳ ಗತ್ತೇ ಬೇರೆ. ಅಂಗವಿಕಲರ ಸಹಾಯಕ್ಕೆಂದು ಹೈಸ್ಕೂಲಿನವರು ಬಾಸ್ಕೆಟ್‌ಬಾಲ್ ಪಂದ್ಯ ಆಡಿಸುತ್ತಿದ್ದರು. ಅಂದು ಹೆಡ್‌ಮಾಸ್ಟರರ ಪಕ್ಕದ, ಬಟ್ಟೆ ಹೊದಿಸಿದ ಕುರ್ಚಿ ಅವಳದು. ಅವಳು ನಾಲ್ಕು ಮಾತಾಡಬೇಕು, ಮೊದಲ ಚೆಂಡು ಎಸೆಯಬೇಕು, ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಬೇಕು. ಅದಕ್ಕೆಂದೇ ಒಂದು ಜೊತೆ ಒಳ್ಳೆಯ ಬಟ್ಟೆಯನ್ನು ಇಸ್ತ್ರಿ ಮಾಡಿಸಿ ಎತ್ತಿಟ್ಟಿರುತ್ತಿದ್ದಳು.

ಆ ವರ್ಷ ಪಿ.ಟಿ. ಮೇಷ್ಟ್ರು ಪೋಸ್ಟರಿನ ಪ್ರತಿ ತೆಗೆಸಲು ಬಂದರು. ಅದರ ತುಂಬ ಒಬ್ಬಳು ಹುಡುಗಿ, ಗಾಲಿಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಚೆಂಡಿಟ್ಟುಕೊಂಡು ನಗುತ್ತಿದ್ದಳು.

“ಯಾರಿದು?”

“ಪಕ್ಕದ ಊರಿನ ಹುಡುಗಿ. ಗಾಲಿಕುರ್ಚಿಯಲ್ಲೇ ಬಾಸ್ಕೆಟ್‌ಬಾಲ್ ಆಡ್ತಾಳೆ. ಈ ಸಲ ಇವಳನ್ನ ಕರೆಸೋಣ ಅಂತ ಕಮಿಟಿಯವ್ರು ಹೇಳಿದ್ರು.” ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ನೀವೂ ಬರ್ಬೇಕು. ಮುಂದಿನ ಸಾಲಲ್ಲೇ ಕೂರಿಸ್ತೀವಿ.”

“ಅವತ್ತು ನಂಗೆ ಕೆಲಸ ಇದೆ.”

ಯಾವತ್ತು ಅಂತ ಮೇಷ್ಟ್ರು ಇನ್ನೂ ಹೇಳಿರಲಿಲ್ಲ.

ಪೋಸ್ಟರುಗಳನ್ನು ಅವಳು ಆದಷ್ಟು ತೆಳುವಾಗಿ ತೆಗೆದುಕೊಟ್ಟಳು. ಮುಖ ಮಸುಕಾಗಿದೆಯಲ್ಲ ಎಂದು ಮೇಷ್ಟ್ರು ಅಂದಿದ್ದಕ್ಕೆ “ಅವಳ ಮುಖಾನೇ ಹಾಗಿರ್ಬೇಕು” ಅಂದಳು. ಅಷ್ಟಾದರೂ ಹೊಟ್ಟೆಯ ಉರಿ ತಣ್ಣಗಾಗಲಿಲ್ಲ. ಅಂಗಡಿಗೆ ಬಂದವರ ಕಿವಿಗೆಲ್ಲ ಒಂದೇ ಮಾತು ಹಾಕತೊಡಗಿದಳು. “ನಾನು ನಡಿಯೋಕೆ ಮೊದಲೇ ಕಾಲು ಕಳ್ಕೊಂಡೋಳು. ಅವಳು ಮೊನ್ನೆ ಮೊನ್ನೆ ಬೈಕಿಂದ ಬಿದ್ದೋಳು. ಇದ್ರಲ್ಲೂ ಹಿರಿತನ ಅಂತ ಒಂದಿಲ್ವಾ?” ಕೇಳಿದವರು ನಗಬೇಕೋ ಬೇಡವೋ ತಿಳಿಯದೆ ಚಿಲ್ಲರೆ ತೆಗೆದುಕೊಂಡು ಹೊರಡುತ್ತಿದ್ದರು.

ಪಂದ್ಯದ ದಿನ ಅವಳು ಒಳ್ಳೆಯ ಬಟ್ಟೆ ಮುಟ್ಟಲಿಲ್ಲ. ಶಾಲೆಯ ಕಡೆಯಿಂದ ಮೈಕಿನ ಸದ್ದು ಕೇಳಿದ್ದೇ ತಡೆಯಲಾಗಲಿಲ್ಲ. ಅದೇನು ಕಡಿದು ಗುಡ್ಡೆ ಹಾಕ್ತಾಳೋ ನೋಡಿಯೇ ಬಿಡೋಣ ಎಂದು ಷಟರ್ ಎಳೆಸಿ, ಊರುಗೋಲೂರುತ್ತ ಹೋಗಿ, ಛಾವಣಿ ಹಾಕಿದ ಮೈದಾನದ ಹಿಂದಿನ ಬೆಂಚಿನಲ್ಲಿ ಕೂತಳು.

ಹುಡುಗಿ ಭಾಷಣ ಮಾಡಲಿಲ್ಲ. ಅವಳೂ ಅವಳ ಗೆಳೆಯರೂ ಒಂದು ಕಡೆ, ಶಾಲೆಯ ತಂಡದ ಮಕ್ಕಳು ಗಾಲಿಕುರ್ಚಿಗಳಲ್ಲಿ ಕೂತು ಇನ್ನೊಂದು ಕಡೆ. ಶಾಲೆಯ ಮಕ್ಕಳು ಗೋಡೆಗೂ ಒಬ್ಬರಿಗೊಬ್ಬರೂ ಗುದ್ದಿಕೊಳ್ಳುತ್ತಿದ್ದರೆ ಹುಡುಗಿ ಅವರ ನಡುವೆ ಮೀನಿನ ಹಾಗೆ ನುಸುಳುತ್ತಿದ್ದಳು. ಒಮ್ಮೆ ತಿರುಗುವಾಗ ಕುರ್ಚಿಸಮೇತ ಮಗುಚಿ ಬಿದ್ದಳು. ಪಿ.ಟಿ. ಮೇಷ್ಟ್ರು ಓಡಿದರು.

ಬೆಂಚಿನಲ್ಲಿ ಕೂತವಳ ಎದೆಯಲ್ಲಿ ಸಣ್ಣದೊಂದು ಸಂತೋಷ ಹಾದುಹೋಯಿತು.

“ಮುಟ್ಬೇಡಿ ಸರ್” ಅಂದಳು ಹುಡುಗಿ. ಒಂದು ಕೈಯನ್ನು ನೆಲಕ್ಕೆ ಕೊಟ್ಟು, ಮೈ ಬಳುಕಿಸಿ, ಕುರ್ಚಿಯನ್ನು ತಾನೇ ನೆಟ್ಟಗೆ ಮಾಡಿಕೊಂಡಳು. ಮತ್ತೆ ಸಿಕ್ಕ ಚೆಂಡನ್ನು ಬುಟ್ಟಿಗೆ ಹಾಕಿದಳು. ಮಕ್ಕಳು ಕಿರುಚಿದ ಸದ್ದಿಗೆ ತಗಡಿನ ಛಾವಣಿ ಅದುರಿತು.

ತನಗೆ ಬೀಳುತ್ತಿದ್ದ ಚಪ್ಪಾಳೆ ತಾನು ಏನೂ ಮಾಡುವ ಮೊದಲೇ ಬೀಳುತ್ತಿತ್ತಲ್ಲ ಎಂದು ಅಕ್ಕನಿಗೆ ಹೊಳೆದದ್ದು ಆಗ. ಅದುವರೆಗೆ ಬಟ್ಟೆ ಹೊದಿಸಿದ ಕುರ್ಚಿಗಾಗಿ ಹೊಟ್ಟೆಕಿಚ್ಚು ಪಟ್ಟಿದ್ದಳು. ಈಗ ಆ ಹುಡುಗಿಯ ಕುತ್ತಿಗೆಯ ಮೇಲೆ ಇಳಿಯುತ್ತಿದ್ದ ಬೆವರನ್ನು ಕಂಡೂ ಕರುಬಿದಳು.

ಆಟ ಮುಗಿದ ಮೇಲೆ ಹುಡುಗಿ ನೇರ ಅವಳ ಬೆಂಚಿನ ಬಳಿಗೇ ಬಂದಳು.

“ಜೆರಾಕ್ಸ್ ಅಕ್ಕ ನೀವೇ ಅಲ್ವಾ? ನಾನು ಮೊನ್ನೆ ಮೊನ್ನೆ ಬಿದ್ದೋಳು ಅಂದ್ರಂತೆ. ಇವತ್ತೂ ಬಿದ್ದೆ, ನೋಡಿದ್ರಲ್ಲ.”

ಅಕ್ಕನ ಮುಖ ಬಿಸಿಯಾಯಿತು. “ಅಂದಿದ್ದು ಹೌದು.”

“ಹೋಗ್ಲಿ. ಮೊದಲ ಚೆಂಡು ನೀವೇ ಹಾಕ್ತಿದ್ರಂತೆ. ಬುಟ್ಟಿಗೆ ಬೀಳ್ತಿತ್ತಾ?”

“ಬುಟ್ಟಿಗೆಲ್ಲಿ? ಮೇಷ್ಟ್ರು ಓಡಿಬಂದು ಹಿಡ್ಕೊಳ್ತಿದ್ರು.”

ಹುಡುಗಿ ನಕ್ಕಳು. ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. “ಆ ಖಾಲಿ ಕುರ್ಚಿ ಇತ್ತ ತಳ್ಳು” ಅಂದಳು.

ಊರುಗೋಲು ಬೆಂಚಿನ ಮೇಲಿಟ್ಟು ಗಾಲಿಕುರ್ಚಿಗೆ ಜಾರಿದಳು. ಎಸೆದ ಚೆಂಡು ಅರ್ಧ ದಾರಿಗೇ ಬಿತ್ತು. ಮತ್ತೆ ಎಸೆದಳು, ಕಂಬಕ್ಕೆ ಬಡಿಯಿತು. ಮೈದಾನದಲ್ಲಿ ಕುರ್ಚಿ ಎತ್ತಿಡುತ್ತಿದ್ದವರನ್ನು ಬಿಟ್ಟರೆ ನೋಡುವವರು ಯಾರೂ ಉಳಿದಿರಲಿಲ್ಲ. ಅವಳು ಎಸೆಯುತ್ತಲೇ ಇದ್ದಳು. ರಟ್ಟೆ ನಡುಗಲು ಶುರುವಾದಾಗ ಹುಡುಗಿಯೇ, “ಭಾನುವಾರ ಬೆಳಿಗ್ಗೆ ಇಲ್ಲೇ ಪ್ರ್ಯಾಕ್ಟೀಸ್ ಇದೆ, ಬನ್ನಿ ಅಕ್ಕಾ” ಅಂದಳು.

ಭಾನುವಾರ ಹೋದಳು. ಅದರ ಮುಂದಿನ ಭಾನುವಾರವೂ ಹೋದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಚೆಂಡು ಆಗೊಮ್ಮೆ ಈಗೊಮ್ಮೆ ಬುಟ್ಟಿಗೆ ಬೀಳತೊಡಗಿತು. ಹುಡುಗಿಯದು ಬೀಳುತ್ತಲೇ ಇತ್ತು. ಇಬ್ಬರೂ ಗೆಳತಿಯರಾದರು ಎಂದರೆ ತಪ್ಪಾದೀತು. ಹುಡುಗಿ ಚೆನ್ನಾಗಿ ಆಡಿದ ದಿನ ಅಕ್ಕ ಮನೆಗೆ ಬಂದು ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದಳು.

“ಅಷ್ಟು ಉರಿ ಇದ್ರೆ ಬಿಟ್ಬಿಡಿ ಅತ್ತಿಗೆ. ಯಾರು ಹೋಗು ಅಂತಾರೆ?” ಅಂದಳು ಒಂದು ದಿನ ತಮ್ಮನ ಹೆಂಡತಿ.

“ಬಿಟ್ರೆ?” ಅಕ್ಕ ರಟ್ಟೆಗೆ ಎಣ್ಣೆ ತಿಕ್ಕಿಕೊಳ್ಳುತ್ತ ಹೇಳಿದಳು. “ಎಲ್ಲಾ ಚೆಂಡೂ ಅವಳೇ ಹಾಕ್ಬಿಡ್ತಾಳೆ.”