ದೊಡ್ಡತಾಯಮ್ಮ ಮಣ್ಣು ತೂರುವುದನ್ನು ಬಿಟ್ಟದ್ದು

ಹೊಳೆನರಸೀಪುರದಿಂದ ಎರಡು ಹರದಾರಿ ದೂರದ ಹರಳಕೊಪ್ಪಲಿನಲ್ಲಿ ದೊಡ್ಡತಾಯಮ್ಮನ ಬಾಯಿಗೆ ಹೆದರದವರು ಇರಲಿಲ್ಲ. ಪಟೇಲ ಚನ್ನಬಸವಯ್ಯನವರು ಅವಳ ಮನೆಯ ಮುಂದೆ ಹಾಯುವಾಗ ಬಂದ ಕೆಮ್ಮನ್ನೂ ನುಂಗಿಕೊಳ್ಳುತ್ತಾರೆ ಎಂದು ಜನ ನಗುತ್ತಿದ್ದರು. ನಗುವುದೂ ಅವಳು ಕಾಣದ ಕಡೆ.

ಇಪ್ಪತ್ತೆಂಟಕ್ಕೇ ಗಂಡನನ್ನು ಕಳೆದುಕೊಂಡ ಹೆಂಗಸು. ಮಕ್ಕಳಿರಲಿಲ್ಲ. ಉಳಿದದ್ದು ಒಂದೂವರೆ ಎಕರೆ ರಾಗಿ ಹೊಲ. ಪಕ್ಕದ ಹೊಲದ ತಮ್ಮಯ್ಯ ವರ್ಷಕ್ಕೆ ಒಂದೊಂದು ಸಾಲಿನಂತೆ ಅವಳ ಬದುವನ್ನು ಉತ್ತು ಒಳಗೆ ಹಾಕಿಕೊಳ್ಳುತ್ತಿದ್ದ. ನ್ಯಾಯ ಕೇಳಿಕೊಂಡು ಚಾವಡಿಗೆ ಹೋದರೆ, ಒಂಟಿ ಹೆಂಗಸು, ಅನುಸರಿಸಿಕೊಂಡು ಹೋಗು ಎಂದರು. ೧೯೩೧ರ ಕಾರ್ತೀಕದಲ್ಲಿ ಒಂದು ಬೆಳಗ್ಗೆ ಅವಳು ತಲೆಗೂದಲು ಬಿಚ್ಚಿಕೊಂಡು ತಮ್ಮಯ್ಯನ ಬಾಗಿಲ ಮುಂದೆ ನಿಂತು, ಬೀದಿಯ ಮಣ್ಣನ್ನು ಮೂರು ಸಲ ಹಿಡಿ ತುಂಬಿ ತೂರಿದಳು. "ನನ್ ಒಟ್ಟೆ ಉರುದಂಗೆ ನಿನ್ ಒಟ್ಟೆ ಉರೀಲಿ ಕಣ್ಲಾ! ನಿನ್ ಮನೆ ದೀಪ ಆರೋಗ್ಲಿ!" ಎಂದಳು.

ಹನ್ನೊಂದನೆಯ ದಿನ ತಮ್ಮಯ್ಯನ ಒಬ್ಬನೇ ಮಗ, ಏಳು ವರ್ಷದ ನಂಜುಂಡ, ಬಣವೆಯಿಂದ ಹುಲ್ಲು ಹಿರಿಯುವಾಗ ಹಾವು ಕಚ್ಚಿಸಿಕೊಂಡ. ಗಾಡಿ ಹೊಳೆನರಸೀಪುರ ಮುಟ್ಟುವಷ್ಟರಲ್ಲಿ ತಣ್ಣಗಾಗಿದ್ದ.

ತಮ್ಮಯ್ಯ ತಾನಾಗಿಯೇ ಬದುವನ್ನು ಹಿಂದಕ್ಕೆ ಸರಿಸಿದ, ಸರಿಸಬೇಕಾದ್ದಕ್ಕಿಂತ ಮೂರು ಮಾರು ಹೆಚ್ಚಿಗೆ. ಅಂದಿನಿಂದ ದೊಡ್ಡತಾಯಮ್ಮನ ಬಾಳು ಬೇರೆಯಾಯಿತು. ಯಾರದಾದರೂ ಕೋಳಿ ಕಳುವಾದರೆ "ದೊಡ್ಡತಾಯವ್ವನ್ನ ಕರುಸ್ತೀನಿ ನೋಡು" ಎಂದರೆ ಸಾಕು, ಬೆಳಗಾಗುವಷ್ಟರಲ್ಲಿ ಕೋಳಿ ಹಿತ್ತಲಲ್ಲಿ ಇರುತ್ತಿತ್ತು. ಮನೆ ಬಾಗಿಲಿಗೆ ಕುಂಬಳಕಾಯಿ ಬರುತ್ತಿತ್ತು, ರಾಗಿ ಬರುತ್ತಿತ್ತು. ಮನುಷ್ಯರು ಮಾತ್ರ ಬರುತ್ತಿರಲಿಲ್ಲ. ಅವಳು ಬೀದಿಗಿಳಿದರೆ ತಾಯಂದಿರು ಮಕ್ಕಳ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ಹೆದರದವಳು ಒಬ್ಬಳೇ, ಸತ್ತ ಮಗುವಿನ ತಾಯಿ ಚಿಕ್ಕಲಕ್ಷ್ಮಮ್ಮ. ಅಮಾವಾಸ್ಯೆ ಅಮಾವಾಸ್ಯೆಗೆ ಬಂದು ಬಾಗಿಲ ಮುಂದೆ ಉಗಿದು ಹೋಗುತ್ತಿದ್ದಳು. ಅವಳಲ್ಲಿ ಇನ್ನು ಕಿತ್ತುಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ.

ದೊಡ್ಡತಾಯಮ್ಮ ಆ ಉಗುಳನ್ನು ಸಗಣಿ ಹಾಕಿ ಸಾರಿಸಿಕೊಂಡು ಒಳಗೆ ಬರುವಳು. ಬಣವೆಗೆ ಕೈ ಹಾಕಲಾರದೆ, ಇದ್ದ ಒಂದು ಹಸುವನ್ನೂ ಮಾರಿಬಿಟ್ಟಿದ್ದಳು. ಕಣ್ಣು ಮುಚ್ಚಿದರೆ ಹುಲ್ಲು ಸರಿದ ಸದ್ದು. ಹೀಗೆ ಆರು ವರ್ಷ ಕಳೆದಳು.

ಮೂವತ್ತೇಳರ ಬೇಸಿಗೆಯಲ್ಲಿ ಅವಳ ದವಡೆ ಊದಿಕೊಂಡಿತು. ಮೊದಲು ಹಲ್ಲುನೋವು, ಆಮೇಲೆ ಜ್ವರ, ಆಮೇಲೆ ಗಂಜಿಯೂ ಇಳಿಯದಂತೆ ಬಾಯಿ ಕಚ್ಚಿಕೊಂಡಿತು. ಊರು ಒಳಗೊಳಗೇ ಹಬ್ಬ ಮಾಡಿತು. "ತೂರಿದ ಮಣ್ಣು ಅವಳ ಬಾಯಿಗೇ ಬಿತ್ತು" ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ಗಟ್ಟಿಯಾಗಿಯೇ ಆಡಿಕೊಂಡರು. ಅರಕಲಗೂಡು ಕಡೆಯಿಂದ ಅವಳ ಅಣ್ಣ ಬೈರಯ್ಯ ಗಾಡಿ ಕಟ್ಟಿಕೊಂಡು ಬಂದು, ಹೊಳೆನರಸೀಪುರದಲ್ಲಿ ರೈಲು ಹತ್ತಿಸಿ, ಹಾಸನದ ಮಿಷನ್ ಆಸ್ಪತ್ರೆಗೆ ಸೇರಿಸಿದ.

ದೊರೆಸಾನಿ ಡಾಕ್ಟರು ಕುಯ್ದು ಕೀವು ತೆಗೆದು, ಗಲ್ಲದಿಂದ ನೆತ್ತಿಯವರೆಗೆ ಪಟ್ಟಿ ಸುತ್ತಿದರು. ಹತ್ತು ದಿನ ಮಾತಾಡಕೂಡದು ಎಂದರು. ಪಕ್ಕದಲ್ಲಿ ಬಂದು ಕೂತವಳು ಎಸ್ತರಮ್ಮ, ರೋಗಿಗಳಿಗೆ ಓದಿ ಹೇಳುವ ಹೆಂಗಸು. ಅವಳೂ ಅರಕಲಗೂಡಿನ ಸೀಮೆಯವಳೇ, ಅವಳೂ ವಿಧವೆ. ಕಪ್ಪು ರಟ್ಟಿನ ಪುಸ್ತಕ ತೆರೆದಳೋ ಇಲ್ಲವೋ, ದೊಡ್ಡತಾಯಮ್ಮ ಗಂಜಿಯ ಬಟ್ಟಲನ್ನು ತಳ್ಳಿದಳು. ಎಸ್ತರಮ್ಮನ ಬಿಳಿ ಸೀರೆಯೆಲ್ಲ ಗಂಜಿ. ಮಾರನೆಯ ದಿನ ಆಕೆ ಮತ್ತೆ ಬಂದಳು, ಸ್ಟೂಲನ್ನು ಒಂದು ಮಾರು ದೂರ ಹಾಕಿಕೊಂಡು.

ಬೈಯಲು ಬಾಯಿಲ್ಲ. ಎದ್ದು ಹೋಗಲು ಕಾಲಿಗೆ ಬಲವಿಲ್ಲ. ಜೀವಮಾನದಲ್ಲಿ ಮೊದಲ ಸಲ ದೊಡ್ಡತಾಯಮ್ಮ ಇನ್ನೊಬ್ಬರು ಹೇಳುವುದನ್ನು ಪೂರ್ತಿ ಕೇಳಬೇಕಾಯಿತು. ತನ್ನನ್ನು ಮೊಳೆ ಹೊಡೆದು ಕೊಲ್ಲುತ್ತಿದ್ದವರ ಮೇಲೆ ಮಣ್ಣು ತೂರದೆ, ಇವರನ್ನು ಮನ್ನಿಸು ಎಂದು ಬೇಡಿಕೊಂಡ ಒಬ್ಬನ ಕತೆ. 'ಎಂಥ ಕೈಲಾಗದವನು' ಎಂದು ಮೊದಲ ದಿನ ಅಂದುಕೊಂಡಳು. ಐದನೆಯ ದಿನಕ್ಕೆ, ಎಸ್ತರಮ್ಮ ಬರುವುದು ತಡವಾದರೆ ಬಾಗಿಲ ಕಡೆ ನೋಡುತ್ತಿದ್ದಳು.

ಪಟ್ಟಿ ಬಿಚ್ಚಿದ ದಿನ ಬಾಯಿಂದ ಬಂದ ಮೊದಲ ಮಾತು, "ನನ್ ಬಾಯಿಂದ ಒಂದು ಮಗ ಸತ್ತದೆ ಕಣವ್ವ."

ಎಲ್ಲವನ್ನೂ ಹೇಳಿದಳು. ಬದು, ಮೂರು ಹಿಡಿ ಮಣ್ಣು, ಬಣವೆ. ಎಸ್ತರಮ್ಮ ಅಯ್ಯೋ ಪಾಪ ಎನ್ನಲಿಲ್ಲ.

"ಆವು ಕಚ್ಚಿದ್ದು ಆವಿನ ಕೆಲಸ ಕಣ್ ದೊಡ್ಡತಾಯಿ. ನಿನ್ ಮಾತಿಗೆ ಆವು ಬರಾಕಿಲ್ಲ. ಆದ್ರೆ ಆ ಮಗ ಸಾಯ್ಲಿ ಅಂತ ಬಯಸಿದ್ಯಲ್ಲ, ಅದು ನಿನ್ ಕೆಲಸ. ಅದನ್ನ ಇನ್ಯಾರ್ ತಲೆಗೂ ಕಟ್ಟಕ್ಕಾಗಲ್ಲ."

"ಅಂಗಾದ್ರೆ ಸಾಯೋಗಂಟ ಒತ್ಕೊಂಡೇ ತಿರುಗ್ಲಾ?"

"ಒತ್ಕೊಂಡು ದಣಿದೋರು ನನ್ ತಾವಕ್ಕೆ ಬನ್ನಿ ಅಂದವ್ನೆ ಆತ. ಇಳಿಸ್ಕೊಳಾನು ಅವ್ನೇ. ಇಳಿಸೋದು ಬುಡೋದು ನಿನ್ಗೆ ಸೇರಿದ್ದು."

ಎಸ್ತರಮ್ಮ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದಳು. ದೊಡ್ಡತಾಯಮ್ಮನಿಗೆ ಪ್ರಾರ್ಥನೆ ಗೊತ್ತಿರಲಿಲ್ಲ. "ತಕ್ಕೊಳಪ್ಪ, ನನ್ ಕೈಲಾಗಲ್ಲ" ಎಂದಳು, ಅಷ್ಟೇ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಮಧ್ಯಾಹ್ನದ ಊಟದ ಗಂಟೆ ಬಾರಿಸಿದ್ದು ಕೇಳಲಿಲ್ಲ, ಸಂಜೆ ಔಷಧಿಗೆ ಎಬ್ಬಿಸಿದರೂ ಏಳಲಿಲ್ಲ. ನರ್ಸು ಗಾಬರಿಯಾಗಿ ನಾಡಿ ಹಿಡಿದು ನೋಡಿದಳು. ಆರು ವರ್ಷದ ನಿದ್ದೆ ಅದು.

ಮಾರನೆಯ ವರ್ಷ ಹಾಸನದ ಕ್ರೈಸ್ತ ದೇವಾಲಯದಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ಊರಿಗೆ ಬಂದವಳೇ ನೇರವಾಗಿ ಚಿಕ್ಕಲಕ್ಷ್ಮಮ್ಮನ ಬಾಗಿಲಿಗೆ ಹೋದಳು. ಚಿಕ್ಕಲಕ್ಷ್ಮಮ್ಮ ಅಂಗಳದಲ್ಲಿ ಭತ್ತ ಕುಟ್ಟುತ್ತಿದ್ದಳು.

"ನನ್ನ ಮನ್ನಿಸ್ಬುಡವ್ವ. ನಿನ್ ಮಗನ್ ಕೇಡು ಬಯಸ್ದೆ. ನನ್ ಭಾರವ ಯೇಸು ಇಳಿಸ್ದ, ಅದನ್ನ ಏಳಾನ ಅಂತ..."

ಮಾತು ಮುಗಿಯುವ ಮುಂಚೆ ಒನಕೆ ಬಂತು. ಗುರಿ ತಪ್ಪಿ ಮೊಣಕಾಲಿಗೆ ಬಡಿಯಿತು. "ನನ್ ಮಗನ್ನ ತಿಂದು ಈಗ ಭಾರ ಇಳೀತು ಅಂತ ಏಳಾಕೆ ಬಂದ್ಯಾ? ನಿಂಗೆ ಇಳೀತು, ನಂಗೆ?" ಎಂದು ಚಿಕ್ಕಲಕ್ಷ್ಮಮ್ಮ ಕಿರುಚಿದಳು. ದೊಡ್ಡತಾಯಮ್ಮ ಕುಂಟಿಕೊಂಡು ಮನೆಗೆ ಬಂದಳು.

ಮತ ಬಿಟ್ಟವಳೆಂದು ಊರು ಮುಖ ತಿರುವಿತಾದರೂ ಮೈ ಮುಟ್ಟಲು ಇನ್ನೂ ಭಯವಿತ್ತು. ಆ ಭಯ ಹೋದದ್ದು ನಲವತ್ತೊಂದರಲ್ಲಿ. ಮೇಲಿನ ಊರಿನವರು ಕಾಲುವೆಗೆ ಅಡ್ಡ ಕಟ್ಟಿ ಹರಳಕೊಪ್ಪಲಿನ ಗದ್ದೆಗಳಿಗೆ ನೀರು ತಪ್ಪಿಸಿದ್ದರು. ಅರ್ಜಿಗಳಿಂದ ಏನೂ ಆಗದಿದ್ದಾಗ ಪಟೇಲರು ದೊಡ್ಡತಾಯಮ್ಮನನ್ನು ಚಾವಡಿಗೆ ಕರೆಸಿದರು.

"ನೋಡು ದೊಡ್ಡತಾಯವ್ವ, ನೀನ್ ಯಾವ್ ದೇವ್ರಿಗಾದ್ರೂ ಕೈ ಮುಗ್ಕೊ, ನಾವು ಕೇಳಾಕಿಲ್ಲ. ಅವರ ತೂಬಿನ ತಾವ ನಿಂತು ಮೂರು ಹಿಡಿ ಮಣ್ಣು ತೂರ್ಬುಡು. ಊರಿನ ಅನ್ನದ ಮಾತು."

"ತೂರಾಕಿಲ್ಲ ಪಟೇಲ್ರೆ."

"ನಮ್ಮೂರಿನ ಮಕ್ಳು ಉಪಾಸ ಬೀಳ್ಲಿ ಅಂತೀಯಾ?"

ಅವಳು ಕಂಬ ಹಿಡಿದು ನಿಂತಳು. ಮುಂದಿನ ಮಾತು ಆಡಿದರೆ ತನಗಿರುವ ಒಂದೇ ಬೇಲಿಯನ್ನು ತಾನೇ ಕಿತ್ತಂತೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆಡಿದಳು. "ನನ್ ಬಾಯಲ್ಲಿ ಯಾವ್ ಸಕ್ತಿನೂ ಇಲ್ಲ, ಯಾವತ್ತೂ ಇರ್ಲಿಲ್ಲ. ಮಗ ಸತ್ತದ್ದು ಆವು ಕಚ್ಚಿ. ನಾನು ಕೇಡು ಬಯಸಿದ್ದು ನನ್ ಪಾಪ. ನೀವೆಲ್ಲ ಇಷ್ಟ್ ದಿನ ಎದುರಿದ್ದು ಬರೀ ಮಣ್ಣಿಗೆ."

ಯಾರೋ ನಕ್ಕರು. ಹಿಂದಿನಿಂದ ಒಂದು ಕಲ್ಲು ಬಂದು ಬೆನ್ನಿಗೆ ಬಿತ್ತು.

ಹತ್ತು ವರ್ಷದ ಹೆದರಿಕೆಗೆಲ್ಲ ಊರು ಸೇಡು ತೀರಿಸಿಕೊಂಡಿತು. ಕೊಟ್ಟಿದ್ದ ಕುಂಬಳಕಾಯಿಗಳ ಹೊಟ್ಟೆಯುರಿಯೂ ಅದರಲ್ಲಿ ಸೇರಿತ್ತು. ಬಾವಿಯ ಹಗ್ಗ ಮುಟ್ಟಬಾರದೆಂದರು. ಅರ್ಧ ಮೈಲಿ ನಡೆದು ಹೊಳೆಯಲ್ಲಿ ಒರತೆ ತೋಡಿ ನೀರು ತಂದಳು. ಬಾಗಿಲಿಗೆ ಕಾರೆಮುಳ್ಳು ಅಡ್ಡ ಹಾಕಿದರು. ಬೆಳಗ್ಗೆ ಎದ್ದು ತೆಗೆದು ಅದನ್ನೇ ಒಲೆಗಿಟ್ಟಳು. ನಾಟಿಗೂ ಕುಯ್ಲಿಗೂ ಯಾರೂ ಕರೆಯಲಿಲ್ಲ. ಅಣ್ಣ ಬೈರಯ್ಯನೂ ಬಂದು, ಒಳಗೆ ಕಾಲಿಡದೆ ಬೀದಿಯಲ್ಲೇ ನಿಂತು ಬೈದ. "ಮೂರು ಹಿಡಿ ಮಣ್ಣು ತೂರಿದ್ರೆ ನಿನ್ ಗಂಟೇನು ಓಯ್ತಿತ್ತೆ? ಊರೇ ಕೈಯಾಗಿತ್ತು. ಇನ್ ಮ್ಯಾಕೆ ನಾನು ನಿಂಗೆ ಅಣ್ಣ ಅಲ್ಲ, ನೀ ನಂಗೆ ತಂಗಿ ಅಲ್ಲ." ಅವನ ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ನೋಡಿ ಅತ್ತಳು. ಆದರೂ ಒಂದು ಸಂಗತಿ ಅವಳಿಗೇ ಬೆರಗಾಗಿತ್ತು. ಊರು ಹೆದರುತ್ತಿದ್ದಾಗ ಬಾರದಿದ್ದ ನಿದ್ದೆ, ಊರು ಕಲ್ಲು ಹೊಡೆದ ದಿನವೂ ಬಂತು.

ತಮ್ಮಯ್ಯ ಮಾತ್ರ ಮುಂದಿನ ಮುಂಗಾರಿನವರೆಗೆ ಕಾದ. ಒಂದು ಬೆಳಗ್ಗೆ ದೊಡ್ಡತಾಯಮ್ಮ ಹೊಲಕ್ಕೆ ಹೋಗಿ ನೋಡಿದರೆ ಬದುವೇ ಇಲ್ಲ. ಹಿಂದೆ ಬಿಟ್ಟುಕೊಟ್ಟ ಮೂರು ಮಾರೂ ಹೋಗಿ, ಮೇಲೆ ಐದು ಸಾಲು ಅವಳದನ್ನೂ ಉತ್ತಿದ್ದ. ನೇಗಿಲು ಹಿಡಿದುಕೊಂಡೇ ತಿರುಗಿ, "ತೂರು, ಈಗ ತೂರು ನೋಡಾನ!" ಎಂದ.

ಅವಳು ಬಗ್ಗಿದಳು. ಕೈ ತಾನಾಗಿಯೇ ಮಣ್ಣಿಗೆ ಹೋಗಿತ್ತು. ಹೊಸದಾಗಿ ಉತ್ತ ತಂಪು ಮಣ್ಣು ಬೆರಳ ಸಂದಿಯಲ್ಲಿ ತುಂಬಿತು. ನಾಲಿಗೆಯ ತುದಿಗೆ ಹಳೆಯ ಮಾತೆಲ್ಲ ಒಂದೂ ಮರೆಯದೆ ಬಂದು ನಿಂತವು. ತಮ್ಮಯ್ಯನ ಕೈಯಿಂದ ಎತ್ತುಗಳ ಹಗ್ಗ ಜಾರಿತು.

ಅವಳು ಮಣ್ಣನ್ನು ಕೆಳಗೆ ಬಿಟ್ಟು, ಅಲ್ಲೇ ಕೂತು, ಆಕಾಶದ ಕಡೆ ಮುಖ ಮಾಡಿ ಕೂಗಾಡತೊಡಗಿದಳು. "ನೋಡ್ದ್ಯಾ? ನೀನೇ ನೋಡು! ನೀನ್ ಬ್ಯಾಡ ಅಂದೆ, ನಾನ್ ಬುಟ್ಟೆ. ಈಗ ನನ್ ಒಲ ಓಯ್ತು, ಯಾರ್ ಕೊಡ್ತಾರೆ? ನೀನ್ ಕೊಡ್ತೀಯಾ?" ದೇವರನ್ನು ಹಾಗೆ ಬೈದವರನ್ನು ತಮ್ಮಯ್ಯ ಕಂಡಿರಲಿಲ್ಲ. ಅವನು ಎತ್ತು ಹೊಡೆದುಕೊಂಡು ಹೊರಟುಹೋದ. ಬದು ಹಾಕಿಕೊಡಲಿಲ್ಲ, ಅದು ಬೇರೆ ಮಾತು.

ಎರಡು ತಿಂಗಳು ಬಿಟ್ಟು, ಅವಳು ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದಾಗ ಚಿಕ್ಕಲಕ್ಷ್ಮಮ್ಮ ಬಂದು ಎದುರಿಗೆ ನಿಂತಳು. ಉಗಿಯಲಿಲ್ಲ.

"ನೀನೇ ಕೊಂದೆ ಅಂತ ಏಳು."

"ಕೇಡು ಬಯಸ್ದೆ. ಕೊಲ್ಲಲಿಲ್ಲ ಕಣವ್ವ."

"ಏಳ್ಬುಡೇ, ನಿನ್ ಕಾಲಿಗೆ ಬೀಳ್ತೀನಿ. ಚಾವಡೀಲಿ ನೀನು ಬರೀ ಮಣ್ಣು ಅಂದ್ಬುಟ್ಟೆ. ಅಂಗಾದ್ರೆ ನಂಜುಂಡನ್ನ ಬಣವೆಗೆ ಕಳಿಸ್ದೋರು ಯಾರು? ಮಗ ಒಲ್ಲೆ ಅಂದ. ಕತ್ಲಾಯ್ತದೆ ಕಣವ್ವ, ನಾಳಿಕೆ ಓಯ್ತೀನಿ ಅಂದ. ನಾನು ಬೆನ್ನ ಮ್ಯಾಲೆ ಗುದ್ದಿ ಕಳಿಸ್ದೆ."

ಹತ್ತು ವರ್ಷ ಆಕೆ ಅಮಾವಾಸ್ಯೆ ತಪ್ಪದೆ ಉಗಿದದ್ದು ಏಕೆಂದು ದೊಡ್ಡತಾಯಮ್ಮನಿಗೆ ಆಗ ತಿಳಿಯಿತು. ಕೈಗಂಟಿದ ಮಣ್ಣನ್ನು ಸೀರೆಗೆ ಒರೆಸಿ, ಚಿಕ್ಕಲಕ್ಷ್ಮಮ್ಮನನ್ನು ರಾಗಿ ಪೈರಿನ ನಡುವೆಯೇ ಕೂರಿಸಿ, ತಾನೂ ಕೂತಳು. ಇಬ್ಬರೂ ಬಹಳ ಹೊತ್ತು ಅತ್ತರು. ಕೊನೆಗೆ ದೊಡ್ಡತಾಯಮ್ಮ, "ನಂದು ಇಳಿಸ್ಕೊಂಡವ್ನು ನಿಂದೂ ಇಳಿಸ್ಕೊತಾನೆ. ನಂಗಿಂತ ನಿಂದು ಅಗೂರ ಕಣವ್ವ. ನೀನು ಬಯಸಿ ಕಳಿಸ್ಲಿಲ್ಲ" ಎಂದಳು.

"ನಂಗೆ ನಿನ್ ದೇವ್ರು ಬ್ಯಾಡ" ಎಂದಳು ಚಿಕ್ಕಲಕ್ಷ್ಮಮ್ಮ. ಆದರೆ ಎದ್ದು ಹೋಗಲಿಲ್ಲ.

ಹೊಲದ ಐದು ಸಾಲು ಮತ್ತೆ ಬರಲಿಲ್ಲ. ಬೈರಯ್ಯನೂ ಬರಲಿಲ್ಲ. ಯುದ್ಧದ ವರ್ಷಗಳಲ್ಲಿ ಸೊಸೈಟಿಯ ಅಕ್ಕಿಗೆ ಸಾಲು ನಿಂತಾಗ ಅವಳನ್ನು ಕೊನೆಗೆ ತಳ್ಳುತ್ತಿದ್ದರು. ತಳ್ಳಿದವರಿಗೂ ಅವಳು ತನ್ನ ಯೇಸುವಿನ ಮಾತನ್ನು ಹೇಳಿಯೇ ಹೇಳುತ್ತಿದ್ದಳು, ಅದೇ ಗಟ್ಟಿ ಗಂಟಲಿನಲ್ಲಿ. ಸಾಕು ಮುಚ್ಚು ಎನ್ನುತ್ತಿದ್ದರು. ಎಂಟು ವರ್ಷ ಹೇಳಿ ಊರಲ್ಲಿ ಅವಳು ಗಳಿಸಿದ್ದು ಒಬ್ಬ ಹೆಂಗಸಿನ ಕಿವಿ.

ನಲವತ್ತಾರರ ಕ್ರಿಸ್‌ಮಸ್ಸಿಗೆ ಆ ಒಬ್ಬಳು, ಗಂಡ ತಮ್ಮಯ್ಯ ಅಂಗಳದಲ್ಲಿ ನಿಂತು ಬೈಯುತ್ತಿರುವಾಗಲೇ, ಬುತ್ತಿ ಕಟ್ಟಿಕೊಂಡು ಹಾಸನದ ರೈಲಿಗೆ ಜೊತೆಯಾದಳು. ಮತಕ್ಕೆ ಸೇರಲಲ್ಲ, ನೋಡಲಷ್ಟೇ ಎಂದು ದಾರಿಯುದ್ದಕ್ಕೂ ಹೇಳಿದಳು. ರೈಲು ಮೊಸಳೆ ಎಂಬ ಊರಿನ ನಿಲುಗಡೆ ದಾಟಿದ ಮೇಲೆ ಮೆಲ್ಲಗೆ ಕೇಳಿದಳು.

"ಅಲ್ಲೋಗಿ ನಾನೇನ್ ಏಳ್ಬೇಕು ಆತುಂಗೆ? ನಂಗೆ ಏನೂ ಬರಾಕಿಲ್ಲ."

"ಬಂದಿದ್ದು ಏಳು. ನಂಜುಂಡನ ಎಸರೇಳು, ಮಿಕ್ಕಿದ್ದು ತಾನಾಗೇ ಬತ್ತದೆ" ಎಂದು ದೊಡ್ಡತಾಯಮ್ಮ ಬುತ್ತಿಯ ಗಂಟು ಬಿಚ್ಚಿ, ರೊಟ್ಟಿಯನ್ನು ಎರಡು ಪಾಲು ಮಾಡಿದಳು.