ಕರಿಬೇವು ತರಲು ಹೋದ ಹುಡುಗಿ

ಶಾಲೆಯಲ್ಲಿ ನನ್ನ ಕೊರಳಿಗೆ ಒಂದು ಕಾರ್ಡು ಹಾಕಿದ್ದಾರೆ. ಅದರ ಮೇಲೆ ‘ಭಾಷಾ ಸಹಾಯಕಿ’ ಎಂದು ಬರೆದಿದೆ. ನಾನು ಓದಿದ್ದು ಕಂಪ್ಲಿಯಲ್ಲಿ, ಮೂರನೇ ಇಯತ್ತೆವರೆಗೆ. ಹೊಸಪೇಟೆಗೆ ಮದುವೆಯಾಗಿ ಬಂದ ಮೇಲೆ ಬಾಳೆ ತೋಟದಲ್ಲಿ ಕೂಲಿ ಮಾಡಿದೆ. ಮೊಣಕಾಲು ಸೋತ ಮೇಲೆ ಇದೇ ಶಾಲೆಯಲ್ಲಿ ಕಸ ಗುಡಿಸಲು ಸೇರಿದೆ.

ಕನ್ನಡ, ಇಂಗ್ಲಿಷ್ ಎರಡರಲ್ಲೂ ಪಾಠ ಮಾಡುವ ಹೈಸ್ಕೂಲು ಅದು. ಅರ್ಧದಷ್ಟು ಮಕ್ಕಳು ಗಣಿಗೆ, ಕಾರ್ಖಾನೆಗೆ ದುಡಿಯಲು ಬಂದವರ ಮಕ್ಕಳು. ಒಡಿಶಾ, ಬಿಹಾರ, ರಾಜಸ್ಥಾನ. ಅವರಿಗೆ ಹೊಸಪೇಟೆಯೇ ಪರದೇಶ. ಕನ್ನಡದ ಟೀಚರು ಪುಸ್ತಕ ಓದಿಸುತ್ತಿದ್ದರು, ಆದರೆ ಮಕ್ಕಳು ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಒರೆಸಿದ ನೆಲ ತುಳಿದರೆಂದು ನಾನು ಬೈಯುತ್ತಿದ್ದಾಗ ಆ ಮಕ್ಕಳೇ ನನಗೆ ಕನ್ನಡದಲ್ಲಿ ಎದುರು ಮಾತಾಡಿದ್ದನ್ನು ಟೀಚರು ಕೇಳಿಸಿಕೊಂಡರು. ಮರುವಾರ ನನ್ನನ್ನು ತರಗತಿಯಲ್ಲಿ ಕುರ್ಚಿಯ ಮೇಲೆ ಕೂರಿಸಿದರು. ಮಕ್ಕಳ ಜೊತೆ ಮಾತಾಡುವುದೇ ಕೆಲಸ.

ಮೊದಲ ತಿಂಗಳು ಹೆದರಿಕೆಯಲ್ಲೇ ಹೋಯಿತು. ಯಾರಾದರೂ ಬೋರ್ಡಿನ ಮೇಲೆ ಬರೆಯಿರಿ ಎಂದುಬಿಟ್ಟರೆ? ಒತ್ತಕ್ಷರ ಬಂದಲ್ಲಿ ನನ್ನ ಕೈ ನಿಂತುಬಿಡುತ್ತದೆ. ಅದಕ್ಕೇ ನಾನು ಬರಹದ ಹತ್ತಿರ ಹೋಗಲೇ ಇಲ್ಲ. ಮಕ್ಕಳನ್ನು ಏನಾದರೂ ಕೇಳಿಕೊಂಡು ಬರಲು ಅಟ್ಟುತ್ತಿದ್ದೆ. ಅಡುಗೆಯವಳ ಹತ್ತಿರ ಉಪ್ಪು ಇಸ್ಕೊಂಡು ಬಾ, ವಾಚ್‌ಮನ್ನಿಗೆ ಊಟ ಆಯ್ತಾ ಕೇಳಿ ಬಾ. ಒಬ್ಬೊಬ್ಬರನ್ನೇ ಕಳಿಸುತ್ತಿದ್ದೆ. ಇಬ್ಬರು ಹೋದರೆ ದಾರಿಯಲ್ಲೇ ಹಿಂದಿ ಶುರುವಾಗುತ್ತದೆ. ಕಾಂಪೌಂಡಿನ ಹೊರಗೆ ಮಾತ್ರ ಯಾರನ್ನೂ ಒಂಟಿಯಾಗಿ ಕಳಿಸಬಾರದು ಎಂದು ಹೆಡ್ ಮೇಡಂ ಹೇಳಿದ್ದರು.

ಇನ್ನೊಂದನ್ನೂ ಕಲಿಸಿದ್ದೆ. ದೊಡ್ಡವರು ಮಾತಾಡಿಸಿದರೆ ಮುಖ ನೋಡುತ್ತಾ ನಿಲ್ಲಬಾರದು, ಹೂಂ ಅನ್ನಬೇಕು. ನಮ್ಮನ್ನು ಬೆಳೆಸಿದ್ದು ಹಾಗೆ. ದೊಡ್ಡವರಿಗೆ ಬ್ಯಾಡ ಅಂದರೆ ನಮ್ಮವ್ವ ಬಾಯಿಗೆ ಹೊಡೆಯುತ್ತಿದ್ದಳು.

ಹಂಪಿ ನೋಡಲು ಕನ್ನಡದ ಟೀಚರೂ ನಾನೂ ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ ದಿನ, ಕಡ್ಡಿರಾಂಪುರದಲ್ಲಿ ತಿಂಡಿಗೆ ನಿಲ್ಲಿಸಿದೆವು. ರಸ್ತೆ ಬದಿಯ ಹೋಟೆಲ್ಲು, ಒಗ್ಗರಣೆ ಮಂಡಕ್ಕಿ, ಮಿರ್ಚಿ. ತಿಂದಾದ ಮೇಲೂ ಹೊತ್ತಿತ್ತು. ನನಗೆ ಚಟ. ಒಬ್ಬನನ್ನು ನಿಂಬೆಹಣ್ಣಿಗೆ ಕಳಿಸಿದೆ, ಒಬ್ಬಳನ್ನು ಬೆಂಕಿಪೊಟ್ಟಣಕ್ಕೆ ಕಳಿಸಿದೆ. ಒಡಿಶಾದ ಹುಡುಗಿಯೊಬ್ಬಳಿದ್ದಳು, ಎಂಟನೇ ತರಗತಿ. ಅಪ್ಪ ಸಂಡೂರಿನ ಗಣಿಯಲ್ಲಿ, ಇವಳು ನಮ್ಮ ಹಾಸ್ಟೆಲ್ಲಿನಲ್ಲಿ. ಬಂದು ನಾಲ್ಕು ತಿಂಗಳಾಗಿತ್ತು. ಅವಳಿಗೆ ಹೋಟೆಲ್ಲಿನ ಹಿಂದಿನ ಮನೆ ತೋರಿಸಿ, “ಅಲ್ಲಿ ಹೋಗಿ ಒಂದೆಸಳು ಕರಿಬೇವು ಕೊಡ್ರಿ ಅಂತ ಕೇಳು” ಅಂದೆ. “ಹೂಂ ಅಜ್ಜಿ” ಅಂದಳು, ಹೋದಳು.

ನಿಂಬೆಹಣ್ಣು ಬಂತು. ಬೆಂಕಿಪೊಟ್ಟಣ ಬಂತು. ಅವಳು ಬರಲಿಲ್ಲ.

ಹೋಗಿ ನೋಡಿದರೆ ಆ ಮನೆಗೆ ಬೀಗ. ಪಕ್ಕದ ಮನೆಗಳವರೂ ಅವಳನ್ನು ಕಂಡಿರಲಿಲ್ಲ. ಮನೆಗಳ ಹಿಂದೆ ಬಾಳೆ ತೋಟ, ಅದರಾಚೆ ಕಾಲುವೆ. ನನ್ನ ಮೊಣಕಾಲು ಅವತ್ತು ಹೇಗೆ ಓಡಿತೋ ಗೊತ್ತಿಲ್ಲ. ಕಾಲುವೆಯ ತುಂಬ ನೀರು. ಅವಳದು ಹಸಿರು ಚೂಡಿದಾರ. ತೂಬಿನ ಹತ್ತಿರ ಹಸಿರಾಗಿ ಏನೋ ಸಿಕ್ಕಿಕೊಂಡು ಅಲುಗಾಡುತ್ತಿತ್ತು. ಕುಂಡೆಯ ಮೇಲೆ ಜಾರಿಕೊಂಡೇ ಕೆಳಗಿಳಿದು ಕೈ ಹಾಕಿದೆ. ಬಾಳೆ ಎಲೆ. ಅದನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತಿದ್ದೆ.

ಹೊಳೆ ದಂಡೆಯಲ್ಲಿ ಹುಟ್ಟಿದವಳು ನಾನು. ನೀರಿನಿಂದ ಎತ್ತಿ ತಂದ ಮಕ್ಕಳನ್ನು ನೋಡಿದ್ದೇನೆ. ಆಗ ಬಂದ ಯೋಚನೆಗಳನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಹಿಂದಕ್ಕೆ ಬಂದಾಗ ಟೀಚರು ಅಳುತ್ತಿದ್ದರು. ಮಕ್ಕಳನ್ನೆಲ್ಲ ಬಸ್ಸಿನೊಳಗೆ ಕೂರಿಸಿ ಬಾಗಿಲು ಹಾಕಿಸಿದ್ದರು. ಹೋಟೆಲ್ಲಿನವನು ಮಿರ್ಚಿ ಕರಿಯುವ ಜಾರಾ ಹಿಡಿದುಕೊಂಡೇ ಹೊರಗೆ ಬಂದ.

“ಯಮ್ಮಾ, ಹಸರು ಡ್ರೆಸ್ಸಿನ ಹುಡುಗೀನಾ? ನಾಟಿ ಮಾಡೋ ಹೆಣ್ಮಕ್ಳ ಆಟೋದಾಗ ಕುಂತಿದ್ಲಲ್ಲ!”

“ಯಾವ ಆಟೋಲೇ? ಎಲ್ಲಿಗೆ?”

“ಬುಕ್ಕಸಾಗರಕ್ಕ. ಭಾಳ ಹೊತ್ತಾತು. ನಾ ಹೋಮ್‌ಸ್ಟೇಕ್ಕ ಬಂದ ಟೂರಿಸ್ಟ್ ಹುಡುಗಿ ಅನ್ಕಂಡೆ. ಫೋಟೋ ಹೊಡಿಯಾಕ ಹಂಗ ಹತ್ಕಂಡು ಹೋಗ್ತಾರ.”

ಆಟೋ ಡ್ರೈವರನ ನಂಬರು ಅವನ ಹತ್ತಿರವಿತ್ತು. ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದ, ಎತ್ತಲಿಲ್ಲ. ಆಗ ಅವನ ಬೈಕಿನ ಹಿಂದೆ ಹತ್ತಿಕೊಂಡೆ. ಅದಕ್ಕೆ ಮುಂಚೆ ನಾನು ಬೈಕು ಹತ್ತಿದವಳಲ್ಲ. ಕಮಲಾಪುರ ದಾಟುವವರೆಗೂ ಅವನ ಅಂಗಿ ಹಿಡಿದು, “ಜಲ್ದಿ ನಡಿ” ಅಂತ ಒಂದೇ ಮಾತು. “ಅಂಗಿ ಹರೀತೈತಿ ಬಿಡ್ರಿ ಯಮ್ಮಾ” ಅಂದ. ಬಿಡಲಿಲ್ಲ. ಆಟೋದಲ್ಲಿ ಹೆಂಗಸರಿದ್ದಾರೆ ಅನ್ನುವುದೊಂದೇ ಧೈರ್ಯ. ಆದರೆ ನಡುವೆ ಎಲ್ಲಾದರೂ ಇಳಿಸಿ ಹೋಗಿದ್ದರೆ? ಅವಳು ಯಾರ ಹತ್ತಿರ ಏನು ಕೇಳಿಯಾಳು? ನಾನು ಕಲಿಸಿದ್ದು ಉಪ್ಪು, ಕರಿಬೇವು ಕೇಳುವುದನ್ನು.

ಬುಕ್ಕಸಾಗರದ ದಾರಿಯಲ್ಲಿ ಗದ್ದೆಯ ಬದುವಿನ ಮೇಲೆ ಹಸಿರು ಚೂಡಿದಾರ ಕಂಡಿತು. ಮಂಡಿಯವರೆಗೆ ಕೆಸರು ಮಾಡಿಕೊಂಡು ಕೂತಿದ್ದಳು. ತೊಡೆಯ ಮೇಲೆ ಯಾರದೋ ಬುತ್ತಿಯ ರೊಟ್ಟಿ. ನಾಟಿ ಹೆಂಗಸರು ಬಗ್ಗಿದವರು ನೆಟ್ಟಗೆ ನಿಂತರು.

“ಏನ್ ಯಮ್ಮಾ, ಕಳ್ರನ್ನ ಹಿಡಿಯಾಕ ಬಂದಂಗ ಬರ್ತೀಯಲ್ಲ!” ಅಂದಳು ಒಬ್ಬಳು.

“ಯಾರ ಮಗಳು ಏನು ಕೇಳದೇ ಆಟೋದಾಗ ಹಾಕ್ಕಂಡು ಬರ್ತೀರೇನು?” ಅಂತ ನಾನು ಕೂಗಿದೆ.

“ಕೇಳಿದ್ವಿ ಬಿಡು! ಬೀಗದ ಮನಿ ಮುಂದ ನಿಂತಿದ್ಲು, ಕರಿಬೇವು ಕೇಳಿದ್ಲು, ಕಿತ್ತು ಕೊಟ್ವಿ. ನಾಟಿ ನೋಡಾಕ ಬರ್ತೀಯೇನವ್ವಾ ಅಂದ್ವಿ, ಹೂಂ ಅಂದ್ಲು. ನಿಮ್ಮೋರಿಗೆ ಹೇಳೀಯೇನು ಅಂದ್ವಿ, ಹೂಂ ಅಂದ್ಲು. ರೊಟ್ಟಿ ತಿಂತೀಯೇನು, ಹೂಂ. ಏನ್ ಕೇಳಿದ್ರೂ ಹೂಂ. ಬ್ಯಾಡ ಅನ್ನಾದು ಯಾರೂ ಕಲ್ಸಿಲ್ಲೇನು ಈ ಹುಡುಗಿಗೆ?”

ನನ್ನ ಕೊರಳಲ್ಲಿ ಕಾರ್ಡು ನೇತಾಡುತ್ತಿತ್ತು. ಅದರ ಮೇಲೆ ಸೆರಗು ಎಳೆದುಕೊಂಡೆ.

ಹುಡುಗಿ ನನ್ನನ್ನು ನೋಡಿ, “ಅಜ್ಜಿ, ಕರಿಬೇವು ಸಿಕ್ತು” ಅಂದಳು. ನಗುತ್ತಿದ್ದಳು. ಇವಳಿಗೆ ಏನೂ ಆಗಿಲ್ಲ, ಹೆದರಿದ್ದು ನಾನೊಬ್ಬಳೇ ಅಂದುಕೊಂಡೆ. ಮುಷ್ಟಿ ಬಿಡಿಸಿ ನೋಡಿದರೆ ಕರಿಬೇವು ನುರಿದು ಕಪ್ಪಗೆ ಮುದ್ದೆಯಾಗಿತ್ತು. ಅಂಗೈಯಲ್ಲಿ ಉಗುರಿನ ಗುರುತು. ಅಷ್ಟು ಹೊತ್ತೂ ಅವಳು ಆ ಮುಷ್ಟಿಯನ್ನು ಬಿಟ್ಟೇ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಟೀಚರು ನನ್ನ ಕಿವಿಯಲ್ಲಿ, “ಅಜ್ಜಿ, ಅವಳೇ ದಾರಿ ತಪ್ಪಿದ್ಲು ಅಂತ ಮೇಡಂಗೆ ಹೇಳೋಣ. ಇಲ್ಲಾಂದ್ರೆ ನಿಮ್ಮ ಕೆಲಸ ಹೋಗುತ್ತೆ” ಅಂದರು.

“ಹಂಗ ಬ್ಯಾಡ್ರಿ ಟೀಚರ್. ಒಬ್ಬಾಕೀನ ಕಳ್ಸಿದಾಕಿ ನಾನು.”

ಹೆಡ್ ಮೇಡಂ ಬೈಯಲಿಲ್ಲ. ಸಿಗದೇ ಹೋಗಿದ್ದರೆ ಅವಳ ತಾಯಿಗೆ ಏನು ಹೇಳುತ್ತಿದ್ದಿರಿ ಎಂದು ಕೇಳಿದರು. “ಗೊತ್ತಿಲ್ರಿ” ಅಂದೆ. ಕೆಲಸ ಉಳಿಯಿತು. ಇನ್ನು ಮೇಲೆ ಕಾಂಪೌಂಡಿನ ಒಳಗೂ ಯಾರನ್ನೂ ಒಂಟಿಯಾಗಿ ಕಳಿಸಬಾರದು ಎಂದಾಯಿತು.

ಮರುದಿನ ತರಗತಿಯಲ್ಲಿ ಆ ಹುಡುಗಿಯನ್ನು ಎದ್ದು ನಿಲ್ಲಿಸಿದೆ. “ನನ್ನ ಜತಿ ಬರ್ತೀಯೇನು?” ಅಂದೆ. “ಹೂಂ ಅಜ್ಜಿ.” “ಬ್ಯಾಡ ಅನ್ನು” ಅಂದೆ. ತಲೆ ತಗ್ಗಿಸಿದಳು. ನಾಲ್ಕು ದಿನ ಅದೇ ಆಯಿತು. ಬಾಯಲ್ಲಿ ಬರುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಅಜ್ಜಿಗೆ ಹೇಗೆ ಹಾಗೆ ಹೇಳುವುದು ಎಂದು ಅವಳ ಭಯ.

ಐದನೇ ದಿನ ಹೇಳದೇ ಕೇಳದೇ ಹೋಗಿ ಅವಳ ಮುಂಗೈ ಹಿಡಿದು ಬಾಗಿಲ ಕಡೆಗೆ ದರದರ ಎಳೆದೆ. ಬೆಂಚು ಕೆಳಗೆ ಬಿತ್ತು. ಮಕ್ಕಳೆಲ್ಲ ಎದ್ದು ನಿಂತರು. ಅವಳು ನನ್ನ ಕೈಗೆ ಉಗುರು ಊರಿ, “ಬ್ಯಾಡ! ನಾ ಬರಂಗಿಲ್ಲ!” ಅಂತ ಕಿರುಚಿದಳು. ಪಕ್ಕದ ತರಗತಿಯ ಮೇಷ್ಟ್ರು ಓಡಿ ಬಂದರು.

ನನ್ನ ಮುಂಗೈಯಲ್ಲಿ ಮೂರು ಗೀರು ಎದ್ದಿದ್ದವು. “ಇನ್ನೊಮ್ಮೆ ಅನ್ನು” ಅಂದೆ.