ಎಲ್ಲ ಊರಿಗೂ ಆಡಿದ ಎದುರು ಮನೆ ಮಾಮ

ನಿನ್ನೆ ತೇನಿಯಿಂದ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ತಾತ ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡರು. ಆ ಘಾಟಿಗೆ ಕಂಡಕ್ಟರ್ ಅಳುತ್ತಲೇ ಟಿಕೆಟ್ ಹರಿದ. ಮುಂದಿನ ಸೀಟಿನ ಮಗು ಸೀನಿದ ರಭಸಕ್ಕೆ ಅದರಪ್ಪನ ಕನ್ನಡಕ ಕಿಟಕಿಯಾಚೆ ಹಾರಿಹೋಯಿತು. ಸರಿ, ಕನ್ನಡಕ ಹಾರಲಿಲ್ಲ, ಜಾರಿತು. ನನಗೆ ಮಾತ್ರ ಅದು ನಮ್ಮ ಎದುರು ಮನೆ ಮಾಮನ ವಾಸನೆ…

ಮಾಮ ಕಬಡ್ಡಿ ಆಟಗಾರರು. ಹವ್ಯಾಸಕ್ಕಲ್ಲ, ಹೊಟ್ಟೆಪಾಡಿಗೆ. ಎಡ ಮೂಲೆಯಲ್ಲಿ ನಿಂತು, ನುಗ್ಗಿ ಬಂದವನ ಹಿಮ್ಮಡಿ ಹಿಡಿಯುವುದು ಅವರ ಕೆಲಸ. ನುಗ್ಗುವವನಿಗೆ ಶಿಳ್ಳೆ, ಹಿಡಿಯುವವರಿಗೆ ಮಂಡಿ ನೋವು. ವೇದಸಂದೂರಿನ ಒಂದು ನೂಲಿನ ಗಿರಣಿ ತಂಡದಲ್ಲಿ ಶುರುಮಾಡಿದರು. ಆ ತಂಡ ಮುಚ್ಚಿದ ಮೇಲೆ ಯಾರು ಕರೆದರೆ ಅವರಿಗೆ ಆಡಿದರು. ಓಡೈಪಟ್ಟಿಯವರು ದ್ರಾಕ್ಷಿ ಬುಟ್ಟಿ ಕೊಟ್ಟು ಕಳಿಸುತ್ತಿದ್ದರು, ಒಡ್ಡನ್‌ಛತ್ರಂ ತರಕಾರಿ ಮಂಡಿಯವರು ನುಗ್ಗೆಕಾಯಿ ಕಟ್ಟು. ಅವರು ಅಲ್ಲಿ ಗೆದ್ದ ವಾರವೆಲ್ಲ ನಮ್ಮ ಬೀದಿಯಲ್ಲಿ ನುಗ್ಗೆಕಾಯಿ ಸಾರು. ಬೀದಿ ನಾಯಿಗಳೂ ನಾರು ಅಗಿದು ಉಗಿಯುವುದನ್ನು ಕಲಿತವು. ಒಮ್ಮೆ ದೊಡ್ಡ ಲೀಗಿನವರೂ ಕರೆದು ಒಂದು ಸೀಸನ್ ಪೂರ್ತಿ ಬೆಂಚಿನ ಮೇಲೆ ಕೂರಿಸಿದರು. ಟೀವಿಯಲ್ಲಿ ಅವರ ಬೆನ್ನು ಕಂಡಿತು. ಬೀದಿಯೆಲ್ಲ ಎದ್ದು ನಿಂತು ಆ ಬೆನ್ನಿಗೆ ಚಪ್ಪಾಳೆ ತಟ್ಟಿದೆವು.

ನನ್ನನ್ನು ಅವರು ಕರೆಯುತ್ತಿದ್ದುದು ಮಾಪ್ಳೆ ಅಂತ, ಅಂದರೆ ಅಳಿಯ. ಕೊಡಲು ಅವರಿಗೆ ಮಗಳೇ ಇರಲಿಲ್ಲ.

ಆಟ ಮುಗಿದ ಕೂಡಲೇ ತಂಡದವರು ತಮ್ಮ ಬಣ್ಣದ ಬನಿಯನ್ ಬಿಚ್ಚಿಸಿಕೊಳ್ಳುತ್ತಿದ್ದರು. ಹಾಗಾಗಿ ಅಷ್ಟು ತಂಡಗಳಿಗೆ ಆಡಿದ ಮನುಷ್ಯ ಬೀದಿಯಲ್ಲಿ ಅಭ್ಯಾಸ ಮಾಡುತ್ತಿದ್ದದ್ದು ಸಿಮೆಂಟ್ ಅಂಗಡಿಯ ಪುಕ್ಕಟೆ ಟೀಶರ್ಟಿನಲ್ಲಿ. ಅವರಿಗೆ ಬೇಕಿದ್ದದ್ದು ಒಂದೇ, ಕಾಲು ಪೂರ್ತಿ ಕೈಕೊಡುವ ಮೊದಲು ಒಮ್ಮೆ ನಮ್ಮೂರ ನೀಲಿ ಬನಿಯನ್ ಹಾಕಿ ಆಡಬೇಕು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, ಪೊಂಗಲ್ ಪಂದ್ಯಕ್ಕೆ ಮುಂಚೆ, ಟೀ ಅಂಗಡಿ ಮುಂದೆ ಎಲ್ಲರೆದುರಿಗೇ ಊರ ಕಬಡ್ಡಿ ಕಮಿಟಿಯ ತಲೈವರನ್ನು, ಅಂದರೆ ಅಧ್ಯಕ್ಷರನ್ನು, ಕೇಳಿದರು.

"ತಲೈವರೇ, ಮೊಳಕಾಲು ಇನ್ನೊಂದು ವರ್ಷ ತಾಳಾದಿಲ್ಲ. ಈ ಪೊಂಗಲ್‌ಗೆ ನಮ್ಮೂರ್ಗೆ ಆಡ್ತೀನಿ. ಬನಿಯನ್ ಒಂದು ಕೊಡಿ, ಸಾಕು."

ತಲೈವರು ಟೀ ಹೀರಿದರು. "ನೀ ಊರೂರ್ ಅಲ್ದಾಡ್ದವ ಡಾ. ಓಡೈಪಟ್ಟಿ ಕೂಡ ಸೇರಿ ನಮ್ ಹುಡುಗ್ರ ಕಾಲೇ ಎಳ್ದವ. ಹೊರಗ್ಲ ಬನಿಯನ್ ಹಾಕ್ದವ್ನ್ಗೆ ನಮ್ಮೂರ್ ಬನಿಯನ್ ಇಲ್ಲ. ರೂಲ್ಸು ರೂಲ್ಸೇ ಪಾ."

"ಅವ್ರು ಕರದ್ರು, ಹೋದೆ. ನೀವು ಒಂದ್ ದಿನ ಆದ್ರೂ ಕರ್ದಿದ್ರಾ?"

ತಲೈವರು ಇನ್ನೊಂದು ಟೀ ಹೇಳಿದರು. ಆಯಿತು, ರೂಲ್ಸು. ಆದರೆ ಫೈನಲ್ ದಿನ ನೋಡಿದರೆ, ನಮ್ಮ ನೀಲಿ ಬನಿಯನ್ ಹಾಕಿಕೊಂಡು ದಿಂಡಿಗಲ್‌ನಿಂದ ತಂದ ಒಬ್ಬ ರೈಡರ್ ಕಾರಿನಿಂದ ಇಳಿದ! ಕೂದಲಿಗೆ ತಾಮ್ರದ ಬಣ್ಣ. ಪಂದ್ಯದ ಮೈದಾನ ಎಲ್ಲಿ ಅಂತ ನನ್ನನ್ನೇ ಕೇಳಿದ. ಅವನು ತನ್ನ ಅಕ್ಕನ ಮೊಮ್ಮಗ ಅಂದರು ತಲೈವರು. ಅಲ್ಲೇ ಕೂತಿದ್ದ ಅವರ ಅಕ್ಕನಿಗೆ ಆ ಸಂತೋಷದ ಸುದ್ದಿ ಆಗಲೇ ಗೊತ್ತಾದದ್ದು. ಈಗಲೂ ಇದನ್ನು ನೆನೆದರೆ ನನ್ನ ಕಿವಿಯ ಮೇಲೆ ದೋಸೆ ಹುಯ್ಯಬಹುದು.

ಅವತ್ತು ಎದುರಾಳಿ ಓಡೈಪಟ್ಟಿ. ಅವರು ಬೆಳಿಗ್ಗೆಯೇ ಮಾಮನ ಬಾಗಿಲಿಗೆ ಹಸಿರು ಬನಿಯನ್ ತಂದಿದ್ದರು. ಮಾಮ ಅದನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದು ಕೂತಿದ್ದರು… ಆಮೇಲೆ ಹಾಕಿಕೊಂಡರು. ಕೊನೆಯ ರೈಡಿಗೆ ತಾಮ್ರದ ಕೂದಲಿನವನು ಅವರ ಮೂಲೆಗೇ ನುಗ್ಗಿದ. ಮಾಮ ಹಿಮ್ಮಡಿ ಹಿಡಿದರು. ಮೊಣಕಾಲು ಲಟಕ್ಕೆಂದದ್ದು ವೈಗೈ ಅಣೆಕಟ್ಟಿನವರೆಗೂ ಕೇಳಿಸಿತು. ಆದರೂ ಬಿಡಲಿಲ್ಲ. ನಮ್ಮೂರು ಸೋತಿತು.

"ದ್ರೋಹಿ!" ಅಂತ ನಮ್ಮವರೇ ಕಬ್ಬಿನ ಜಲ್ಲೆ ಎಸೆದರು.

ಉತ್ತಮ ಹಿಡಿತಗಾರನ ಬಹುಮಾನ ಒಂದು ಎವರ್‌ಸಿಲ್ವರ್ ಸ್ಟೀಲ್ ಕೊಡ, ಅದನ್ನು ಕೊಡಬೇಕಾದವರು ನಮ್ಮ ತಲೈವರು. ಮಾಮ ಕುಂಟುತ್ತ ವೇದಿಕೆ ಹತ್ತಿದರು. ಮೈಕ್ ಹಿಡಿದವನು ಹೊರಗಿನವನು, ಕಥೆ ಗೊತ್ತಿಲ್ಲ. "ಅಣ್ಣೇ, ಎಂದ ಊರು?" ಅಂತ ತಮಿಳಿನಲ್ಲಿ ಯಾವ ಊರೆಂದು ಕೇಳಿ ಮೈಕ್ ಮುಂದೆ ಹಿಡಿದ. ಹಸಿರು ಬನಿಯನ್ನಿನ ಮಾಮ ನಮ್ಮೂರ ಹೆಸರು ಹೇಳಿದರು. ಸ್ಪೀಕರಿನಲ್ಲಿ ಅದು ಬೆಟ್ಟಕ್ಕೆ ಬಡಿದು ವಾಪಸ್ ಬಂತು. ತಲೈವರು ಕೊಡ ಬಿಡಲೊಲ್ಲರು. ಅದೊಂದು ಎಳೆದಾಟ ಬೇರೆ ನಡೆಯಿತು. ಅದರಲ್ಲೂ ಮಾಮನೇ ಗೆದ್ದರು.

ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಯಾವ ಊರೂ ಕರೆಯಲಿಲ್ಲ. ಒಡ್ಡನ್‌ಛತ್ರಂ ಮಂಡಿಯಲ್ಲಿ ತಕ್ಕಡಿ ಹತ್ತಿರ ಸ್ಟೂಲಿನ ಮೇಲೆ ಕೂರುವ ಕೆಲಸ ಸಿಕ್ಕಿತು. ಹೋದ ತಿಂಗಳು ಅಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ… ಮಣ್ಣಿಗೆ ಕಮಿಟಿಯ ಒಬ್ಬನೂ ಬರಲಿಲ್ಲ.

ನಿನ್ನೆ ಬಸ್ ಇಳಿದರೆ ನಮ್ಮ ಬೀದಿ ತಿರುವಿನಲ್ಲೇ ಹೊಸ ಫ್ಲೆಕ್ಸ್. "ನಮ್ಮೂರ ಸಿಂಹಕ್ಕೆ ಕಣ್ಣೀರ ಅಂಜಲಿ." ಯಾರದೋ ಪೈಲ್ವಾನನ ಮೈ, ಅದಕ್ಕೆ ನೀಲಿ ಬನಿಯನ್, ಮೇಲೆ ರೇಷನ್ ಕಾರ್ಡಿನಿಂದ ಕತ್ತರಿಸಿದ ಮಾಮನ ಮುಖ, ನಿಂಬೆಹಣ್ಣಿನಷ್ಟು. ಕೆಳಗೆ ತಲೈವರ ಮುಖ, ಹಲಸಿನಹಣ್ಣಿನಷ್ಟು, ಕೈಮುಗಿದುಕೊಂಡು. ಬದುಕಿದ್ದಾಗ ಒಂದು ಮೊಳ ಬಟ್ಟೆ ಕೊಡದವರು!

ಹರಿಯಲು ಕೈ ಹಾಕಿದೆ. ಹಿಂದಿನಿಂದ ಅತ್ತೆಯ ದನಿ. ಮಾಮನ ಹೆಂಡತಿ, ಹಾಲಿನ ಚೊಂಬು ಹಿಡಿದು ನಿಂತಿದ್ದರು.

"ಹರೀಬ್ಯಾಡ ಡಾ. ಇಲ್ಲಾದ್ರೂ ಹಾಕ್ಕೊಂಡಿರ್ಲಿ."

ಅತ್ತೆ ಮನೆಯೊಳಗೆ ಹೋಗುವವರೆಗೆ ಕಾದೆ. ಮೇಲಿನ ಭಾಗ ಮುಟ್ಟಲಿಲ್ಲ. ತಲೈವರಿದ್ದ ಕೆಳಭಾಗವನ್ನು ಮಾತ್ರ ನೀಟಾಗಿ ಹರಿದು, ಸುತ್ತಿ, ಕಂಕುಳಲ್ಲಿ ಸಿಕ್ಕಿಸಿಕೊಂಡು, ಮಾಮನಿಗೆ ಹೇಳಿ ನಗಿಸೋಣ ಅಂತ ಎದುರು ಮನೆ ಜಗಲಿಯವರೆಗೂ ಓಡಿದೆ.

ಅಲ್ಲಿ ಹೋಗಿ ನಿಂತ ಮೇಲೆ ನೆನಪಾಯಿತು.